ಜೆಸಿಂತಾ ಬಾಯಿ ಥರ್ಡ್ ಪಾರ್ಟಿಯಾದ ಮಳೆಗಾಲ

ಹೋದ ವಾರ ಕದ್ರಿಯಲ್ಲಿರುವ ನನ್ನ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಅವರ ತಮ್ಮ ಗಲ್ಫಿನಿಂದ ಕಳಿಸಿದ ಕಾರ್ಗೋ ಪೆಟ್ಟಿಗೆ ಆಗಷ್ಟೇ ಬಂದಿತ್ತು. ಮನೆಯವರೆಲ್ಲ ಸುತ್ತ ಕೂತು ಟೇಪು ಕೀಳುತ್ತಿದ್ದರು. ಮುಚ್ಚಳ ತೆರೆದದ್ದೇ ತಡ, ಸೋಪು, ಹಾಲಿನ ಪುಡಿ, ಅತ್ತರು, ಹೊಸ ಕಂಬಳಿ ಎಲ್ಲ ಸೇರಿದ ಆ ವಾಸನೆ ಹಾಲ್ ತುಂಬ ಹರಡಿತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ, ಹೆಚ್ಚಿನವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಚಹಾ ತರುತ್ತೇನೆ ಎಂದವರಿಗೆ ಬೇಡವೆಂದು ಹೇಳಿ, ಚಪ್ಪಲಿ ಮೆಟ್ಟಿ ಹೊರಟು ಬಂದುಬಿಟ್ಟೆ. ಪಾಪ, ಅವರೇನು ತಿಳಿದುಕೊಂಡರೋ. ಅವರಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ವಾಮಂಜೂರಿನಲ್ಲಿ ಬಾಡಿಗೆಗಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ಮಹಡಿಯ ಮೇಲೆ ನಾನು, ಕೆಳಗೆ ಮನೆಯೊಡತಿ ಜೆಸಿಂತಾ ಬಾಯಿ. ಅವರ ಗಂಡ ವಲೇರಿಯನ್ ಗಲ್ಫಿನ ಒಂದು ಕಂಪೆನಿಯಲ್ಲಿ ವೆಲ್ಡಿಂಗ್ ಫೋರ್‌ಮನ್. ಒಬ್ಬಳೇ ಮಗಳು ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಳು. ಮನೆಯ ಎದುರು ಇನ್ನೂ ಸೈಟಾಗದೆ ಉಳಿದ ಒಂದು ತುಂಡು ಗದ್ದೆ, ಅದರಾಚೆ ಕಾಲೇಜಿನ ಗಾಜಿನ ಕಟ್ಟಡ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಗದ್ದೆಯ ಕಪ್ಪೆಗಳ ಗಲಾಟೆಗೆ ಪಾಠದ ತಯಾರಿಯೂ ಆಗುತ್ತಿರಲಿಲ್ಲ.

ನನ್ನ ಮನೆಮಾತು ತುಳು, ಅವರದು ಕೊಂಕಣಿ. ಅವರ ತುಳು ನನ್ನದಕ್ಕಿಂತ ಚೆನ್ನಾಗಿತ್ತು. ಆದರೂ ಕನ್ನಡ ಟೀಚರ ಹತ್ತಿರ ಕನ್ನಡದಲ್ಲೇ ಮಾತಾಡುವುದೆಂದು ಅವರೇ ಹಟ ಹಿಡಿದಿದ್ದರು. “ಬಾಡಿಗೆಯೂ ಬರ್ತದೆ, ಕನ್ನಡವೂ ಕಲ್ತ ಹಾಗೆ ಆಗ್ತದೆ. ನಂಗೆಂತ ನಷ್ಟ ಉಂಟು ಟೀಚರೇ?” ಎಂದು ನಗುತ್ತಿದ್ದರು. ಜೋರಿನ ಹೆಂಗಸು. ಮೀನಿನವಳ ಹತ್ತಿರ ಚೌಕಾಸಿಗೆ ನಿಂತರೆ ಕೊನೆಗೆ ಮೀನಿನವಳೇ ಸೋಲುತ್ತಿದ್ದಳು.

ಆ ಓಣಿಯಲ್ಲಿ ಹೆಚ್ಚಿನವು ಗಲ್ಫ್ ಮನೆಗಳು. ಎಲ್ಲ ಮನೆಗಳದ್ದೂ ಒಂದೇ ವ್ಯವಸ್ಥೆ: ಕಾರ್ಡು ಇಲ್ಲಿ, ಫೋನು ಅಲ್ಲಿ. ಖಾತೆ ಗಂಡನ ಹೆಸರಿನಲ್ಲಿ. ಕಾರ್ಡಿನ ಮೇಲೂ ಅವನದೇ ಹೆಸರು. ಆದರೆ ಕಾರ್ಡು ಇರುವುದು ಹೆಂಡತಿಯ ಪರ್ಸಿನಲ್ಲಿ, ಏಕೆಂದರೆ ಗ್ಯಾಸು, ಕರೆಂಟು, ಮಕ್ಕಳ ಫೀಸು ಎಲ್ಲ ಅವಳ ತಲೆಯ ಮೇಲೆ. ಅವಳು ಇಲ್ಲಿ ಮೊಬೈಲಿನಲ್ಲಿ ಕಾರ್ಡಿನ ನಂಬರ್ ಒತ್ತಿದರೆ, ಬ್ಯಾಂಕು ಕಳಿಸುವ ಆರಂಕಿಯ ಗುಟ್ಟಿನ ಸಂಖ್ಯೆ, ಅಂದರೆ ಓಟಿಪಿ, ಅಲ್ಲಿ ಮರುಭೂಮಿಯಲ್ಲಿರುವ ಗಂಡನ ಫೋನಿಗೆ ಹೋಗುತ್ತದೆ. ಅವನು ಅದನ್ನು ವಾಟ್ಸಾಪಿನಲ್ಲಿ ಕಳಿಸಬೇಕು, ಅದೂ ಸಮಯ ಮುಗಿಯುವುದರೊಳಗೆ. ಓಣಿಯಲ್ಲಿ ನಡೆದು ಹೋದರೆ ಯಾವುದಾದರೂ ಒಂದು ಜಗಲಿಯಿಂದ “ಬೇಗ ಕಳಿಸಿ, ಈಗ ಕ್ಯಾನ್ಸಲ್ ಆಗ್ತದೆ!” ಎಂಬ ಕೂಗು ಕೇಳುತ್ತಿತ್ತು.

ಇದನ್ನು ಯಾರೂ ಕಳ್ಳತನದಿಂದ ಕಲಿತದ್ದಲ್ಲ. ಖಾತೆ ತೆರೆಯುವಾಗ ಬ್ಯಾಂಕಿನ ಆಫೀಸರನೇ ಹೇಳಿಕೊಟ್ಟದ್ದೆಂದು ಜೆಸಿಂತಾ ಬಾಯಿ ಎಷ್ಟೋ ಸಲ ಹೇಳಿದ್ದರು. “ಕಾರ್ಡ್ ಮಿಸೆಸ್ ಹತ್ರ ಇರ್ಲಿ ಸರ್. ಓಟಿಪಿ ನಿಮಗೆ ಬರ್ತದೆ, ನೀವು ಫಾರ್ವರ್ಡ್ ಮಾಡಿದ್ರೆ ಆಯ್ತು. ಇಲ್ಲಿ ಎಲ್ಲರೂ ಹಾಗೇ ಮಾಡುದು.” ಆ ಮನುಷ್ಯನ ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ಆ ವರ್ಷ ವಲೇರಿಯನ್ ಊರಿಗೆ ಬರುವುದೆಂದು ಗಟ್ಟಿಯಾಗಿತ್ತು. ರಜೆಗೆ ಬರುವುದಲ್ಲ, ಅಲ್ಲಿನದನ್ನು ಪೂರ್ತಿ ಮುಗಿಸಿ ಬರುವುದು. ಕಂಪೆನಿಗೆ ರಾಜೀನಾಮೆ ಕೊಟ್ಟಾಗಿತ್ತು. ಬೈಕಂಪಾಡಿಯಲ್ಲಿ ಒಂದು ಶೆಡ್ಡು ನೋಡಿಟ್ಟಿದ್ದರು. ಗೇಟು, ಗ್ರಿಲ್ಲು, ಶೀಟಿನ ಮಾಡು ಮಾಡಿಕೊಡುವ ಸ್ವಂತ ವರ್ಕ್‌ಶಾಪ್ ಹಾಕುವುದು ಅವರ ಆಸೆ. ಶೆಡ್ಡಿಗೂ ಮೆಷಿನುಗಳಿಗೂ ಬೇಕಾದದ್ದೆಲ್ಲ ಆ ಖಾತೆಯಲ್ಲಿ ಕೂಡಿಟ್ಟಿತ್ತು. “ಮದುವೆಯಾದ ಮೇಲೆ ನಾವಿಬ್ಬರು ಒಟ್ಟಿಗೆ ಇದ್ದ ದಿನ ಎಲ್ಲ ಗುಡ್ಡೆ ಹಾಕಿದ್ರೂ ಎರಡು ವರ್ಷ ಆಗ್ಲಿಕ್ಕಿಲ್ಲ ಟೀಚರೇ” ಎಂದು ಜೆಸಿಂತಾ ಬಾಯಿ ಒಮ್ಮೆ ಬಟ್ಟೆ ಒಣಗಿಸುತ್ತ ಹೇಳಿದ್ದರು. ಸೆಪ್ಟೆಂಬರಿನ ತೆನೆಹಬ್ಬವಾದ ಮೊಂತಿ ಫೆಸ್ತಿಗೆ, ಚರ್ಚಿನಿಂದ ತಂದ ತೆನೆಯ ಹೊಸ ಅಕ್ಕಿಯನ್ನು ಮೂವರೂ ಒಟ್ಟಿಗೆ ಕೂತು ಉಣ್ಣಬೇಕು ಎಂಬುದೊಂದೇ ಆಗ ಅವರ ತಲೆಯಲ್ಲಿತ್ತು. ಮನೆಗೆ ಬಣ್ಣ ಹೊಡೆಸಿದರು. ಗಂಡನ ಸಾಮಾನಿಗೆಂದು ಒಂದು ಕಪಾಟು ಖಾಲಿ ಮಾಡಿದರು. ವಲೇರಿಯನ್ ತನ್ನ ವಸ್ತುಗಳನ್ನೆಲ್ಲ ಮುಂಚಿತವಾಗಿ ಕಾರ್ಗೋದಲ್ಲಿ ಕಳಿಸಿದ್ದರು. ಅದರ ದಾರಿ ಕಾಯುವುದೇ ಒಂದು ಕೆಲಸವಾಗಿತ್ತು.

ಜುಲೈಯಲ್ಲಿ ಮಳೆ ಹುಚ್ಚೆದ್ದು ಸುರಿಯಿತು. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟಿದ್ದ ಒಂದು ದಿನ, ನಾನು ಮಕ್ಕಳಿಗಿಂತ ಹೆಚ್ಚು ಖುಷಿಯಿಂದ ಹೊದ್ದು ಮಲಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಜೆಸಿಂತಾ ಬಾಯಿ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಕಾರ್ಡು. ಮುಖ ಬಿಳಿಚಿಕೊಂಡಿತ್ತು.

“ಟೀಚರೇ, ಕಾರ್ಗೋದವರ ಮೆಸೇಜ್ ಬಂದಿತ್ತು. ಪೆಟ್ಟಿಗೆ ಕಸ್ಟಮ್ಸಲ್ಲಿ ನಿಂತಿದೆ, ಸಣ್ಣ ಚಾರ್ಜ್ ಕಟ್ಬೇಕು ಅಂತ. ಕಟ್ಟಿದೆ. ಆಗ್ಲಿಲ್ಲ, ಪುನಃ ಮಾಡಿ ಅಂತ ಬಂತು. ಪುನಃ ಮಾಡಿದೆ. ನಾಲ್ಕು ಸಲ ಓಟಿಪಿ ಹಾಕಿದೆ. ಈಗ ಆ ಪೇಜೇ ಇಲ್ಲ.”

ನಾನು ಆ ಮೆಸೇಜು ನೋಡಿದೆ. ಕಂಪೆನಿಯ ಹೆಸರೇ ಇರಲಿಲ್ಲ, ಬರೀ ಒಂದು ಲಿಂಕು. ಆ ಕಳ್ಳರಿಗೆ ಜೆಸಿಂತಾ ಬಾಯಿ ಯಾರೆಂದು ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ನಮ್ಮೂರಿನಲ್ಲಿ ಯಾವ ಮನೆಗೆ ಇಂಥದ್ದನ್ನು ಕಳಿಸಿದರೂ ಆ ಮನೆಗೋ ಪಕ್ಕದ ಮನೆಗೋ ಒಂದು ಪೆಟ್ಟಿಗೆ ಬರಲಿಕ್ಕೇ ಇರುತ್ತದೆ.

“ಮೊದಲು ಕಾರ್ಡ್ ಬ್ಲಾಕ್ ಮಾಡ್ಸುವ” ಎಂದೆ. ವಲೇರಿಯನ್‌ಗೆ ಕರೆ ಮಾಡಿದೆವು, ರಿಂಗಾಗಿ ನಿಂತಿತು. ಓಟಿಪಿ ಕಳಿಸಿದ್ದು ಊಟದ ಬಿಡುವಿನಲ್ಲಿ. ಅದು ಮುಗಿದರೆ ಪ್ಲಾಂಟಿನೊಳಗೆ ಫೋನು ಒಯ್ಯುವಂತಿಲ್ಲ, ಲಾಕರಿನಲ್ಲಿಟ್ಟು ಹೋಗಬೇಕು. ಬ್ಯಾಂಕಿನ ಸಹಾಯವಾಣಿಗೆ ಮಾಡಿದೆವು. ಸಂಗೀತ ಕೇಳಿಸಿ ಕೇಳಿಸಿ ಕೊನೆಗೊಬ್ಬಳು ಹುಡುಗಿ ಬಂದಳು. ಖಾತೆದಾರರೇ ಮಾತಾಡಬೇಕು, ನೋಂದಾಯಿಸಿದ ನಂಬರಿನಿಂದಲೇ ಕರೆ ಮಾಡಬೇಕು ಎಂದಳು. “ಅವರು ಡ್ಯೂಟಿಯಲ್ಲಿದ್ದಾರೆ ಮಗಾ, ಕಾರ್ಡ್ ನನ್ನ ಕೈಯಲ್ಲೇ ಉಂಟು, ನೀನು ನಿಲ್ಸು ಸಾಕು” ಎಂದು ಜೆಸಿಂತಾ ಬಾಯಿ ಬೇಡಿಕೊಂಡರು. ಹುಡುಗಿ ಅದೇ ವಾಕ್ಯವನ್ನು ಮತ್ತೊಮ್ಮೆ ಹೇಳಿ ಶುಭದಿನ ಹಾರೈಸಿದಳು.

ರಿಕ್ಷಾ ಹಿಡಿದು ಬ್ಯಾಂಕಿಗೆ ಹೋದೆವು. ರಸ್ತೆಯೆಲ್ಲ ಕೆಂಪು ನೀರು, ರಿಕ್ಷಾದ ಪರದೆಯೊಳಗಿಂದ ಎರಚಲು. ಗಾಜಿನ ಕೋಣೆಯೊಳಗೆ ಕೂತಿದ್ದವನು ಖಾತೆ ತೆರೆಸಿದ್ದ ಅದೇ ಆಫೀಸರ್, ಈಗ ಬಡ್ತಿ ಸಿಕ್ಕಿ ಮ್ಯಾನೇಜರ್ ಆಗಿದ್ದ. ಜೆಸಿಂತಾ ಬಾಯಿಯ ಸೀರೆಯಿಂದ ನೆಲಕ್ಕೆ ಇಳಿಯುತ್ತಿದ್ದ ನೀರನ್ನು ನೋಡಿದ. ಆಮೇಲೆ ಕಾರ್ಡನ್ನು ನೋಡಿದ.

“ಇದು ನಿಮ್ಮ ಹೆಸರಿನ ಕಾರ್ಡ್ ಅಲ್ಲವಲ್ಲ.”

“ನನ್ನ ಗಂಡಂದು. ನಿಮಗೆ ಗೊತ್ತುಂಟಲ್ಲ ಸರ್, ನೀವೇ ಕೊಟ್ಟದ್ದು.”

“ಅವರು ಮೇಲ್ ಮಾಡ್ಬೇಕಾಗ್ತದೆ. ಬ್ಯಾಂಕಿನ ಲೆಕ್ಕದಲ್ಲಿ ನೀವು ಥರ್ಡ್ ಪಾರ್ಟಿ ಮೇಡಂ.”

ನನಗೆ ಇಂದಿಗೂ ಆ ಮಾತು ಕಿವಿಯಲ್ಲಿ ಕೂತಿದೆ. ಆ ಮನೆಯನ್ನು ಒಬ್ಬಳೇ ನಡೆಸಿದವಳು, ಮಗಳನ್ನು ಒಬ್ಬಳೇ ಬೆಳೆಸಿದವಳು, ಅತ್ತೆಮಾವನನ್ನು ಒಬ್ಬಳೇ ಮಣ್ಣು ಮಾಡಿದವಳು ಥರ್ಡ್ ಪಾರ್ಟಿ! ನಾನು ಮೇಜಿಗೆ ಕೈ ಬಡಿದೆ. “ಹಣ ಇಡ್ಲಿಕ್ಕೆ ಬರುವಾಗ ಇವರು ಮಿಸೆಸ್, ಹಣ ಹೋಗುವಾಗ ಥರ್ಡ್ ಪಾರ್ಟಿಯಾ? ಎಂತ ಮಾತಾಡ್ತೀರಿ ನೀವು? ದುಡ್ಡು ಕೊಡಿ ಅಂತ ಕೇಳ್ತಾ ಇಲ್ಲ, ಬಾಗಿಲು ಹಾಕಿ ಅಂತ ಕೇಳ್ತಾ ಇದ್ದೇವೆ!” ಕೌಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮ್ಯಾನೇಜರ್ ಸೆಕ್ಯೂರಿಟಿಯವನನ್ನು ನೋಡಿದ. ನಾವು ಬಂದ ಹೊತ್ತನ್ನು ಒಂದು ಅರ್ಜಿಯಲ್ಲಿ ಬರೆದು, ಸೀಲು ಹಾಕಿಸಿಕೊಳ್ಳುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸೈಬರ್ ಪೊಲೀಸರ ಸಹಾಯವಾಣಿಗೆ ಒಡನೆ ಕರೆ ಮಾಡಿದರೆ ಹೋಗುತ್ತಿರುವ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇದೆ ಎಂಬುದನ್ನು ಆ ಮನುಷ್ಯ ಬಾಯಿಬಿಟ್ಟು ಹೇಳಲಿಲ್ಲ. ಅದನ್ನು ಹೇಳಿದ್ದು ಆಮೇಲೆ ಠಾಣೆಯಲ್ಲಿದ್ದ ಒಬ್ಬಳು ಮಹಿಳಾ ಪೊಲೀಸ್. “ಅಯ್ಯೋ ಅಕ್ಕ, ಮೊದಲು ಅಲ್ಲಿಗೆ ಮಾಡ್ಬೇಕಿತ್ತು” ಎಂದು ಅವಳೇ ಫೋನು ಹಚ್ಚಿಕೊಟ್ಟಳು. ಅಷ್ಟು ಹೊತ್ತಿಗೆ ತಡವಾಗಿತ್ತು.

ಸಂಜೆ ವಲೇರಿಯನ್ ಲಾಕರಿನಿಂದ ಫೋನು ತೆಗೆದಾಗ ಎಲ್ಲ ಬಯಲಾಯಿತು. ಜೆಸಿಂತಾ ಬಾಯಿಯ ಪರದೆಯ ಮೇಲೆ ಇದ್ದದ್ದು ಕಸ್ಟಮ್ಸಿನ ಚಿಲ್ಲರೆ ಮೊತ್ತ. ಗಂಡನಿಗೆ ಬಂದ ಸಂದೇಶಗಳಲ್ಲಿ ಇದ್ದದ್ದು ಶೆಡ್ಡನ್ನೇ ಕೊಳ್ಳಬಹುದಾದ ಮೊತ್ತ. ಅವರು ಬಿಸಿಲಿನಲ್ಲಿ, ಎಣ್ಣೆ ಮೆತ್ತಿದ ಕೈಯಲ್ಲಿ, ಆರು ಅಂಕಿಗಳನ್ನಷ್ಟೇ ನೋಡಿ ಕಳಿಸಿದ್ದರು. ಹೆಂಡತಿ ಕೇಳಿದಾಗ ಏನಕ್ಕೆ ಎಂದು ವಿಚಾರಿಸುವ ಗಂಡ ಅವರಾಗಿರಲಿಲ್ಲ. ಅವಳಿಗೆ ಮೊತ್ತ ಕಾಣಿಸಲಿಲ್ಲ, ಅವರಿಗೆ ಪುಟ ಕಾಣಿಸಲಿಲ್ಲ. ಕಾರ್ಡು ಮತ್ತು ಫೋನು ಒಬ್ಬರ ಕೈಯಲ್ಲೇ ಇರುತ್ತದೆ ಎಂದು ಎಲ್ಲೋ ಕೂತು ಯೋಚಿಸಿದವರು ಈ ವ್ಯವಸ್ಥೆ ಮಾಡಿದ್ದಾರೆ. ಅರ್ಧ ಜಿಲ್ಲೆಯ ದಾಂಪತ್ಯ ಎರಡು ದೇಶಗಳಲ್ಲಿ ಹಂಚಿಹೋಗಿರುವುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಓಟಿಪಿ ಕೊಟ್ಟು ಹೋದದ್ದು ಅರ್ಧ. ಉಳಿದರ್ಧ ಹೋದದ್ದು ಅದರ ನಂತರ, ಓಟಿಪಿಯನ್ನೇ ಕೇಳದ ಯಾವುದೋ ವಿದೇಶಿ ಜಾಲತಾಣಗಳಲ್ಲಿ. ಆ ಕಾರ್ಡಿನಲ್ಲಿ ವಿದೇಶದ ಬಳಕೆಯನ್ನು ಬ್ಯಾಂಕಿನವರು ಮೊದಲಿನಿಂದಲೂ ತೆರೆದೇ ಇಟ್ಟಿದ್ದರು, ಬೇಡವಾದರೆ ಮುಚ್ಚಬಹುದೆಂದು ಯಾರೂ ಹೇಳಿರಲಿಲ್ಲ. ನಾವು ಆ ಗಾಜಿನ ಕೋಣೆಯಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತು ಬೇಡುತ್ತಿದ್ದ ಹೊತ್ತಿನಲ್ಲೇ ಖಾತೆ ಖಾಲಿಯಾಗುತ್ತಿತ್ತು.

ವಲೇರಿಯನ್ ಬೈಯಲಿಲ್ಲ. “ಜೆಸಿ, ಅಳ್ಬೇಡ. ಕಳಿಸಿದ್ದು ನಾನೇ ಅಲ್ವಾ” ಎಂದರಂತೆ. ಅದು ಜೆಸಿಂತಾ ಬಾಯಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು. “ಒಂದು ಸಲ ಬೈದಿದ್ರೆ ನಾನೂ ತಿರುಗಿ ಬೈತಿದ್ದೆ, ಮನಸ್ಸು ಹಗುರ ಆಗ್ತಿತ್ತು” ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದರು. ಊರವರು ಮಾತ್ರ ಬಾಯಿಗೆ ಬಂದಂತೆ ಮಾತಾಡಿದರು. ಅಷ್ಟು ಕಲಿತವಳು ಹೀಗೆ ಮಾಡಬಹುದಾ, ಟಿವಿಯಲ್ಲಿ ದಿನಾ ಹೇಳುತ್ತಾರಲ್ಲ, ಗಂಡ ಅಲ್ಲಿ ಬೆವರು ಸುರಿಸಿದ್ದು ಇವಳಿಗೆ ಆಟ. ಹೀಗೆ ಹೇಳಿದವರ ಮನೆಯ ಕಾರ್ಡೂ ಹೆಂಡತಿಯ ಪರ್ಸಿನಲ್ಲೇ ಇತ್ತು. ಕದ್ದವನನ್ನು ಬೈದ ಒಬ್ಬನೇ ಒಬ್ಬ ಮನುಷ್ಯ ನನಗೆ ಆ ಓಣಿಯಲ್ಲಿ ಸಿಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ನಿಜವಾದ ಕಾರ್ಗೋ ಪೆಟ್ಟಿಗೆ ಬಂತು. ಒಂದು ಪೈಸೆ ಹೆಚ್ಚಿನ ಚಾರ್ಜು ಇಲ್ಲದೆ, ನೆಟ್ಟಗೆ ಮನೆ ಬಾಗಿಲಿಗೆ. ತೆಗೆದದ್ದು ನಾವಿಬ್ಬರೇ. ಮೇಲೆ ಸೋಪು, ಹಾಲಿನ ಪುಡಿ, ಕಂಬಳಿ. ಕೆಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ವೆಲ್ಡಿಂಗಿನ ಹೆಲ್ಮೆಟ್ಟು, ಚರ್ಮದ ಗ್ಲೌಸು, ಬೈಕಂಪಾಡಿಯ ಶೆಡ್ಡಿಗೆಂದು ಆರಿಸಿ ಆರಿಸಿ ಕೂಡಿಟ್ಟ ಸಾಮಾನು. ಜೆಸಿಂತಾ ಬಾಯಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. “ಸಾಯ್ಬಾ” ಎಂದು ದೇವರನ್ನು ಕರೆದರು. ಪೆಟ್ಟಿಗೆಯನ್ನು ಹಾಗೇ ಮುಚ್ಚಿ ಮಂಚದಡಿಗೆ ತಳ್ಳಿದೆವು.

ಆಗಸ್ಟಿನಲ್ಲಿ ವಲೇರಿಯನ್ ರಾಜೀನಾಮೆಯನ್ನು ಹಿಂದಕ್ಕೆ ಪಡೆದರು. ಕಂಪೆನಿಯವರು ಮತ್ತೆರಡು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡರು, ಮೊದಲಿಗಿಂತ ಕೆಳಗಿನ ಹುದ್ದೆಗೆ. ಬೈಕಂಪಾಡಿಯ ಶೆಡ್ಡು ಬೇರೆಯವರ ಪಾಲಾಯಿತು.

ಅದೇ ತಿಂಗಳು ಒಂದು ಭಾನುವಾರ, ಪೂಜೆಯ ನಂತರ ಚರ್ಚಿನ ಹಾಲಿನಲ್ಲಿ ಬ್ಯಾಂಕಿನವರ ಜಾಗೃತಿ ಕಾರ್ಯಕ್ರಮ ಇತ್ತು. ಜೆಸಿಂತಾ ಬಾಯಿ ನನ್ನನ್ನೂ ಎಳೆದುಕೊಂಡು ಹೋದರು. ವೇದಿಕೆಯ ಮೇಲೆ ಅದೇ ಮ್ಯಾನೇಜರ್. ಪರದೆಯ ಮೇಲೆ ದಪ್ಪಕ್ಷರ: ಓಟಿಪಿಯನ್ನು ಯಾರಿಗೂ ಹೇಳಬೇಡಿ. “ಗಂಡ ಹೆಂಡತಿ ಕೂಡ ಹೇಳ್ಕೊಳ್ಳಬಾರದು” ಎಂದು ನಕ್ಕ. ಸಭೆಯೂ ನಕ್ಕಿತು.

ಜೆಸಿಂತಾ ಬಾಯಿ ಎದ್ದು ನಿಂತರು.

“ಓಟಿಪಿ ನಂಗೆ ವಾಟ್ಸಾಪಲ್ಲಿ ಕಳಿಸ್ಲಿಕ್ಕೆ ನನ್ನ ಗಂಡಂಗೆ ಹೇಳಿಕೊಟ್ಟದ್ದು ನೀವು. ನಿಮ್ಮ ಟೇಬಲಿನ ಈಚೆ ಬದಿ ಕೂತು ನಾನು ಕೇಳಿದ್ದೇನೆ. ಹೆಂಡತಿ ಹೆಸರಿಗೆ ಬೇರೆ ಕಾರ್ಡ್ ಆಗ್ತದೆ, ಅವಳದ್ದೇ ನಂಬರಿಗೆ ಓಟಿಪಿ ಬರ್ತದೆ ಅಂತ ಆ ದಿವಸ ಯಾಕೆ ಹೇಳ್ಲಿಲ್ಲ? ಒಂದು ಫಾರ್ಮ್ ಹೆಚ್ಚು ಬರೀಬೇಕಾಗ್ತದೆ ಅಂತ ಅಲ್ವಾ?”

ಮ್ಯಾನೇಜರ್ ನೀರು ಕುಡಿದ. ವೈಯಕ್ತಿಕ ಪ್ರಕರಣಗಳನ್ನು ಇಲ್ಲಿ ಚರ್ಚಿಸುವುದು ಬೇಡ ಎಂದ. ಜೆಸಿಂತಾ ಬಾಯಿ ಸಭೆಯ ಕಡೆ ತಿರುಗಿದರು. “ಯಾರ ಪರ್ಸಲ್ಲಿ ಗಂಡನ ಕಾರ್ಡ್ ಉಂಟು, ಕೈ ಎತ್ತಿ.”

ಒಂದು ಕೈಯೂ ಮೇಲೆ ಬರಲಿಲ್ಲ. ಮಡಿಲಲ್ಲಿದ್ದ ಪರ್ಸುಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, ತಲೆ ಬಗ್ಗಿಸಿ ಕೂತರು. ನನಗೆ ಆ ಹೆಂಗಸರ ಮೇಲೂ ಕೆಟ್ಟ ಸಿಟ್ಟು ಬಂತು. ಜೊತೆಗೆ ಹಾಡುವವರು, ಜೊತೆಗೆ ಬಸ್ಸು ಹತ್ತುವವರು, ಒಬ್ಬಳಾದರೂ ಎದ್ದು ನಿಲ್ಲಬಾರದಿತ್ತೇ?

ಆದರೆ ಕಾರ್ಯಕ್ರಮ ಮುಗಿದು ಗೇಟಿನ ಹತ್ತಿರ ಬಂದಾಗ ಅವರೇ ಒಬ್ಬೊಬ್ಬರಾಗಿ ಕೊಡೆ ಹಿಡಿದು ಸುತ್ತುವರಿದರು, ದನಿ ತಗ್ಗಿಸಿ ಕೇಳಿದರು. ನಾನಾಗಿದ್ದರೆ ಮುಖಕ್ಕೆ ಹೊಡೆದ ಹಾಗೆ ಏನಾದರೂ ಹೇಳಿ ಹೋಗುತ್ತಿದ್ದೆ. ಜೆಸಿಂತಾ ಬಾಯಿ ಮಳೆಯಲ್ಲೇ ನಿಂತು ಹೇಳಿದರು. “ನಿನ್ನ ಹೆಸರಲ್ಲೇ ಒಂದು ಖಾತೆ ಮಾಡು ಮಾರಾಯ್ತಿ, ನಿನ್ನದೇ ಕಾರ್ಡ್, ನಿನ್ನದೇ ನಂಬರ್. ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಅದಕ್ಕೆ ಹಾಕ್ಲಿಕ್ಕೆ ಹೇಳು. ದೊಡ್ಡ ಖಾತೆಯ ಕಾರ್ಡಲ್ಲಿ ಫಾರಿನ್ ಯೂಸ್ ಬಂದ್ ಮಾಡ್ಸು, ಬೇಕಾದಾಗ ಅವರೇ ತೆಗೀಲಿ. ಲಿಮಿಟ್ ಇಡ್ಸು. ಮೆಸೇಜಿನ ಲಿಂಕ್ ಒತ್ತಬೇಡ, ಪೆಟ್ಟಿಗೆ ಕಳಿಸಿದ ಆಫೀಸಿಗೇ ಫೋನ್ ಮಾಡಿ ಕೇಳು. ಮತ್ತೆ ಓಟಿಪಿ ನೋಡುವ ಮೊದಲು ರೂಪಾಯಿ ಎಷ್ಟು ಅಂತ ನೋಡು. ಎಂತ ಆದ್ರೂ ನಾಚಿಕೆ ಮಾಡ್ಕೊಂಡು ಕೂತ್ಕೊಳ್ಳಬೇಡ, ಆ ಕ್ಷಣಕ್ಕೆ ಸೈಬರಿನವರಿಗೆ ಫೋನ್ ಮಾಡು.” ಇದರಲ್ಲಿ ಒಂದೊಂದನ್ನೂ ಅವರು ಬೆಲೆ ಕೊಟ್ಟು ಕಲಿತಿದ್ದರು.

ಮೊಂತಿ ಫೆಸ್ತಿಗೆ ಮಗಳು ಬಂದಳು. ಮೂರನೆಯ ಎಲೆಗೆ ನನ್ನನ್ನು ಕೂರಿಸಿದರು. ಹೊಸ ಅಕ್ಕಿ ಬೆರೆಸಿದ ಹಾಲನ್ನು ಜೆಸಿಂತಾ ಬಾಯಿ ಮೂರು ಲೋಟಕ್ಕೆ ಹಂಚಿದರು.

ಬ್ಯಾಂಕಿನ ಮೇಲೆ ನಾನು ದೂರು ಬರೆಯುತ್ತಲೇ ಹೋದೆ. ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕೇ ಹೊಣೆ ಎಂಬ ನಿಯಮ ಇದೆ. ತಿಳಿಸಿದವಳು ಥರ್ಡ್ ಪಾರ್ಟಿ, ಆದ್ದರಿಂದ ಅದು ತಿಳಿಸಿದಂತೆ ಅಲ್ಲ ಎಂಬುದು ಅವರ ವಾದ. ಆ ಸೀಲು ಬಿದ್ದ ಅರ್ಜಿಯ ಬಲದಿಂದ ಕೊನೆಗೂ ಎರಡನೆಯ ಅರ್ಧ ವಾಪಸು ಬಂತು. ಬಂದದ್ದು ಡಿಸೆಂಬರಿನಲ್ಲಿ. ನನ್ನ ಸಹೋದ್ಯೋಗಿಗಳು ಗೆದ್ದಿರಿ ಎಂದು ಅಭಿನಂದಿಸಿದರು. ನನಗೆ ಅವರ ಮೇಲೂ ರೇಗಿತು.

ವಲೇರಿಯನ್ ಕ್ರಿಸ್‌ಮಸ್‌ಗೆ ಬಂದರು, ರಜೆಗೆ. ಹೊರಡುವ ದಿನ ಟ್ಯಾಕ್ಸಿಗೆ ಸೂಟ್‌ಕೇಸ್ ಏರಿಸಿ, ನನ್ನ ಹತ್ತಿರ ಹೇಳಿ ಹೋಗಲು ಅಂಗಳದ ಈ ತುದಿಗೆ ಬಂದರು. ಮೆಲುದನಿಯ ಮನುಷ್ಯ.

“ಉಪಕಾರ ಆಯ್ತು ಟೀಚರೇ. ಅವಳ ಖಾತೆ, ಕಾರ್ಡ್ ಎಲ್ಲ ಸರಿ ಆಯ್ತು. ಇನ್ನು ಹೆದರಿಕೆ ಇಲ್ಲ.” ಜೇಬಿನಿಂದ ಫೋನು ತೆಗೆದು ನೋಡಿದರು. “ಆದ್ರೆ ಈಗ ಮಧ್ಯಾಹ್ನ ಫೋನ್ ತೆಗೆದ್ರೆ ಎಂತದೂ ಇರುದಿಲ್ಲ ನೋಡಿ. ಮೊದಲು ಗ್ಯಾಸಿಗೆ ಅಂತ, ಮಗಳ ಫೀಸಿಗೆ ಅಂತ, ಹೊಸ ಮಿಕ್ಸಿಗೆ ಅಂತ ಓಟಿಪಿ ಕೇಳ್ತಿದ್ದಳು. ಮನೆಯಲ್ಲಿ ಎಂತ ನಡೀತಾ ಉಂಟು ಅಂತ ನಂಗೆ ಗೊತ್ತಾಗ್ತಿದ್ದದ್ದು ಅದರಿಂದ.”

ಅವರು ನಕ್ಕು ಟ್ಯಾಕ್ಸಿ ಹತ್ತಿದರು. ಗಾಡಿ ಗದ್ದೆಯ ಬದಿಯ ತಿರುವು ದಾಟುವವರೆಗೆ ಜೆಸಿಂತಾ ಬಾಯಿ ಗೇಟಿನಲ್ಲಿ ನಿಂತಿದ್ದರು. ಆಮೇಲೆ ಚಿಲಕ ಸಿಕ್ಕಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, “ಕರೆಂಟ್ ಬಿಲ್ ಕಟ್ಲಿಕ್ಕೆ ಉಂಟು ಟೀಚರೇ, ಇವತ್ತೇ ಲಾಸ್ಟ್” ಎಂದು ಒಳಗೆ ಹೋದರು. ಕಟ್ಟಲು ಅವರಿಗೆ ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ.